ತುದಿ ಬಿಟ್ಟು ಕೊಯ್ದವಳು

ಗಂಜಿಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಅಕ್ಕಿಯ ನುಚ್ಚು ಹದವಾಗಿ ಕುದ್ದು, ಆರಿ, ಮೇಲೊಂದು ತೆಳ್ಳನೆಯ ಕೆನೆ ಕಟ್ಟಿದಾಗ ಅದರಿಂದ ಹುಳಿಯೂ ಅಲ್ಲದ ಸಿಹಿಯೂ ಅಲ್ಲದ ಒಂದು ಬೆಚ್ಚನೆಯ ವಾಸನೆ ಏಳುತ್ತದೆ. ಮುಂಡರಗಿಯ ನಮ್ಮ ಮನೆಯಲ್ಲಿ ನಾನು ನೂಲಿನ ಸೀರೆಗಳಿಗೆ ಗಂಜಿ ಹಾಕುವ ದಿನ ಮಗಳು ಮೂಗು ಹಿಡಿದುಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಾಳೆ. "ಅಂಗಡ್ಯಾಗ ಗುಲಾಬಿ ವಾಸನಿ ಪುಡಿ ಸಿಗತೈತಿ. ಈ ಉಸಾಬರಿ ಯಾಕ ಬೇಕು ನಿನಗ?" ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಆದರೆ ಆ ಪುಡಿ ಕಲಸಿದರೆ ಸೀರೆಗೆ ಗರಿ ಬರುತ್ತದೆ, ಅಷ್ಟೆ. ಈ ಗಂಜಿ ಆರುತ್ತಿದ್ದರೆ ನನಗೆ ಬೆಟಗೇರಿಯ ಓಣಿಯೇ ಎದ್ದು ಬರುತ್ತದೆ. ಓಣಿಯ ಉದ್ದಕ್ಕೂ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ, ಮಗ್ಗಕ್ಕೆ ಏರಿಸುವ ನೂಲು. ನಾವು ಅದಕ್ಕೆ ಹಾಸು ಎನ್ನುತ್ತಿದ್ದೆವು. ಅದರ ಪಕ್ಕದಲ್ಲಿ ಕಚ್ಚೆ ಹಾಕಿ ಸೀರೆ ಉಟ್ಟು, ಕೈಯಲ್ಲಿ ಗಂಜಿಯ ಕುಂಚ ಹಿಡಿದು, ಆಡುಗಳಿಗೂ ಸೈಕಲ್ಲಿನವರಿಗೂ ಒಂದೇ ದನಿಯಲ್ಲಿ ಬೈಯುತ್ತ ನಡೆದಾಡುವ ನನ್ನ ಆಯಿ.

ಆಯಿ ಎಂದರೆ ನನ್ನ ತಂದೆಯ ತಾಯಿ. ಅಪ್ಪ ಮತ್ತು ಕಾಕಾ ತಮ್ಮ ತಾಯಿಯನ್ನು ಹಾಗೆ ಕರೆಯುತ್ತಿದ್ದರು, ಮೊಮ್ಮಕ್ಕಳಾದ ನಾವೂ ಹಾಗೇ ಕರೆದೆವು, ಕಡೆಗೆ ಇಡೀ ಓಣಿಗೇ ಅವಳು ಆಯಿಯಾದಳು. ಅವಳು ಈ ಕಡೆಯವಳಲ್ಲ. ಸೊಲ್ಲಾಪುರದಿಂದ ಹೋಟಗಿ ಗಾಡಿ ಹತ್ತಿ ಗದಗಿನ ಸ್ಟೇಷನ್ನಿನಲ್ಲಿ ಇಳಿದಾಗ ಅವಳಿಗೆ ಬರುತ್ತಿದ್ದದ್ದು ಮರಾಠಿಯೊಂದೇ. ಕಂಕುಳಲ್ಲಿ ನನ್ನ ಅಪ್ಪ ಇದ್ದ, ಅಜ್ಜನ ಹೆಗಲ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಹಣಿಗೆ ಇತ್ತು. ಮಗ್ಗದಲ್ಲಿ ಒಂದೊಂದೇ ಎಳೆ ಹಾಯ್ದು ಬರುವ ಬಾಚಣಿಗೆಯಂಥ ಸಾಧನ ಅದು. ಕನ್ನಡವನ್ನು ಅವಳು ಕಲಿತದ್ದು ನಲ್ಲಿಯ ಸಾಲಿನಲ್ಲಿ, ಅದೂ ಜಗಳದಿಂದ ಶುರುಮಾಡಿ. ಹೀಗಾಗಿ ಅವಳ ಕನ್ನಡದಲ್ಲಿ ಬೈಗುಳ ಬಲು ಶುದ್ಧವಾಗಿತ್ತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ಬೆಟಗೇರಿಯವರಿಗಿಂತ ಹೆಚ್ಚು ಬೆಟಗೇರಿಯವಳಾಗಿದ್ದಳು. ಎಣಿಸುವುದು ಮಾತ್ರ ಮರಾಠಿಯಲ್ಲಿ. ಮತ್ತೆ ಏನಾದರೂ ಕೈಮೀರಿ ಹೋದರೆ "ಅಸೂ ದೇ" ಎನ್ನುತ್ತಿದ್ದಳು. ಇರಲಿ ಬಿಡು ಎಂದು ಅರ್ಥ. ಆ ಮಾತು ಹೇಳಿದಳೆಂದರೆ ಅವಳು ಏನನ್ನೂ ಇರಲಿ ಎಂದು ಬಿಡುವವಳಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಸೊಲ್ಲಾಪುರ ಬಿಟ್ಟದ್ದು ಯಾಕೆ ಎಂಬುದನ್ನು ಅವಳು ಮುಚ್ಚಿಟ್ಟಿರಲಿಲ್ಲ. ಮೊಮ್ಮಕ್ಕಳು ಕೇಳಿದಾಗೆಲ್ಲ, ಉಳಿದವರು ರಾಜರಾಣಿಯರ ಕಥೆ ಹೇಳಿದ ಹಾಗೆ, ಅವಳು ಅದನ್ನೇ ಹೇಳುತ್ತಿದ್ದಳು. ಅಜ್ಜನಿಗೂ ಅವನ ಅಣ್ಣನಿಗೂ ಮನೆಯ ವಿಷಯಕ್ಕೆ ಮಾತು ಬೆಳೆಯಿತಂತೆ. ನೇಕಾರರ ಮನೆಯಲ್ಲಿ ಮಗ್ಗದ ಮೇಲೆ ಹಾಸು ಇರುವಾಗ ಪಾಲಿನ ಮಾತು ಎತ್ತಬಾರದು ಎಂಬುದು ನಮ್ಮವರ ಹಳೆಯ ಕಟ್ಟು. ಅಜ್ಜನ ಅಣ್ಣ ಅದನ್ನು ಮುರಿದ. ಸಿಟ್ಟಿನ ಭರದಲ್ಲಿ ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಇರುವಾಗಲೇ ಕುಡಗೋಲು ತಂದು ಹಣಿಗೆಯ ಬುಡಕ್ಕೇ ಹಾಸನ್ನು ಕೊಯ್ದುಬಿಟ್ಟ. ಅಜ್ಜ ಖಾಲಿ ಹಣಿಗೆ ಬಿಚ್ಚಿಕೊಂಡು, ಹೆಂಡತಿ ಮಗುವನ್ನು ಕರೆದುಕೊಂಡು ಗಾಡಿ ಹತ್ತಿದ. ಅಣ್ಣತಮ್ಮಂದಿರು ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೂ ಅಜ್ಜ ಸಂಜೆ ಸೊಲ್ಲಾಪುರದ ಗಾಡಿ ಬರುವ ಹೊತ್ತಿಗೆ ಗದಗಿನ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದನಂತೆ. ಕೇಳಿದರೆ ಗಾಳಿಗೆ ಹೋಗಿದ್ದೆ ಎನ್ನುತ್ತಿದ್ದ. ಕಡೆಗೊಂದು ದಿನ ಅಣ್ಣ ತೀರಿಕೊಂಡ ಖಬರು ಬಂತು, ದಿನಕರ್ಮವೆಲ್ಲ ಮುಗಿದ ಮೇಲೆ. ಅಜ್ಜ ಗಾಳಿಗೆ ಹೋಗುವುದನ್ನು ಬಿಟ್ಟ. "ಮನಿ ಒಡಿಯೂದು ತಪ್ಪಲ್ಲ. ಎಲ್ಲಾರ ಮನ್ಯಾಗೂ ಆಕ್ಕೈತಿ. ಆದ್ರ ಹಂಗ ಒಡೀಬಾರ್ದು" ಎಂದು ಆಯಿ ಕಥೆಯನ್ನು ಮುಗಿಸುತ್ತಿದ್ದಳು.

ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಪ್ಪ ಸೊಂಟದ ಮೇಲಷ್ಟೇ ಕಾಣುತ್ತಿದ್ದ. ಚಿಕ್ಕವಳಿದ್ದಾಗ ನನಗೆ ಅವನಿಗೆ ಕಾಲುಗಳಿವೆ ಎಂಬುದು ಊಟದ ಹೊತ್ತಿಗೆ ಮಾತ್ರ ನೆನಪಾಗುತ್ತಿತ್ತು. ಅವ್ವ, ಕಾಕು ಮತ್ತು ಆಯಿ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕಾಕು ಎಂದರೆ ಕಾಕಾನ ಹೆಂಡತಿ. ಕಾಕಾ ಸೀರೆಯ ಗಂಟು ಹೊತ್ತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಗಳಿಗೆ ಹೋಗುತ್ತಿದ್ದ. ಹಿರೇವಡ್ಡಟ್ಟಿಯ ಹೆಂಗಸರು ದಪ್ಪ ಅಂಚು ಕೇಳುತ್ತಾರೆ, ಕೊರ್ಲಹಳ್ಳಿಯವರು ಹೊಳೆಯ ನೀರಿಗೆ ಬಣ್ಣ ಬಿಡದ ಸೀರೆ ಕೇಳುತ್ತಾರೆ ಎಂದು ಅವನು ಬಂದು ಹೇಳಿದರೆ ಅಪ್ಪ ಹಾಗೇ ನೇಯುತ್ತಿದ್ದ. ಒಂದು ಹಾಸು ಮುಗಿದಾಗ ನೇಯ್ದ ಬಟ್ಟೆಯನ್ನಷ್ಟೇ ಕೊಯ್ದು ತೆಗೆದು, ಹಣಿಗೆಯಲ್ಲಿ ಒಂದು ಮೊಳದಷ್ಟು ಎಳೆಗಳ ತುದಿಯನ್ನು ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಯ ಒಂದೊಂದು ಎಳೆಗೆ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಗಂಟು ಹಾಕುವುದಿಲ್ಲ, ಬರೀ ಹೊಸೆತ. ಆಯಿ ಮಗ್ಗದ ಹಿಂದೆ ಕಾಲು ಚಾಚಿ ಕೂತು ಕೆಚ್ಚುತ್ತಿದ್ದರೆ ಅವಳ ಬೆರಳು ನನಗೆ ಕಾಣಿಸುತ್ತಲೇ ಇರಲಿಲ್ಲ. ಬಾಯಲ್ಲಿ ಊರಿನ ಸುದ್ದಿ, ಕೈಯಲ್ಲಿ ಎಳೆ, ಎರಡೂ ಒಂದೇ ಸಮ ಸಾಗುತ್ತಿದ್ದವು.

ಅಜ್ಜ ಹೋದ ಮೇಲೆ ಮನೆಯಲ್ಲಿ ಮಾತು ಶುರುವಾಯಿತು. ಕಾಕಾನಿಗೆ ಕುಣಿ ಮುಚ್ಚಿಸಿ ಅಲ್ಲಿ ಎರಡು ಪಾವರ್‌ಲೂಮ್ ಕೂರಿಸಬೇಕಾಗಿತ್ತು. ಸಂತೆಯಲ್ಲಿ ಜನ ಅಗ್ಗದ ಸೀರೆ ಕೇಳುವುದನ್ನು ಕಣ್ಣಾರೆ ಕಂಡವನು ಅವನು, ಅವನ ಮಾತಿನಲ್ಲೂ ಹುರುಳಿತ್ತು. "ನಾ ಸತ್ತ ಮ್ಯಾಲೆ ಮುಚ್ಚು. ನನ್ನ ಅದರಾಗ ಇಟ್ಟ ಮುಚ್ಚು" ಎನ್ನುತ್ತಿದ್ದ ಅಪ್ಪ. ಗಂಡಸರ ಜಗಳ ಅಡುಗೆಮನೆಗೆ ಹರಿಯಲು ಎಷ್ಟು ಹೊತ್ತು. ಒಂದು ಮುಂಜಾನೆ ಒಲೆಯ ಹತ್ತಿರ ಎರಡು ಉಪ್ಪಿನ ಡಬ್ಬಿ ಕಂಡವು, ಅವ್ವನದೊಂದು, ಕಾಕುನದೊಂದು. ಆಯಿ ಎರಡನ್ನೂ ನೋಡಿದಳು, ಒಂದರಿಂದ ಒಂದು ಚಿಟಿಕೆ, ಇನ್ನೊಂದರಿಂದ ಒಂದು ಚಿಟಿಕೆ ತೆಗೆದು ಸಾರಿಗೆ ಹಾಕಿದಳು. ಆಮೇಲೊಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆದು ಕಾಕಾ ಗೂಡಿನಲ್ಲಿದ್ದ ಕತ್ತರಿ ಎತ್ತಿಕೊಂಡು ಮಗ್ಗದ ಕಡೆ ನಡೆದ. ಆಯಿ ಆ ವಯಸ್ಸಿನಲ್ಲಿ ಅಷ್ಟು ಜಲ್ದಿ ಏಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಹೋಗಿ ಹಾಸಿಗೂ ಅವನಿಗೂ ನಡುವೆ ಕೂತುಬಿಟ್ಟಳು. ಅವಳ ಮುಖದಲ್ಲಿ ಭಯ ಕಂಡದ್ದು ನಾನು ಅದೊಂದೇ ಸಲ. ದನಿಯಲ್ಲಿ ಮಾತ್ರ ಅದರ ಸುಳಿವಿರಲಿಲ್ಲ.

"ಬ್ಯಾರೆ ಆಗೂದ ಐತೇನು? ಆಗ್ರಿ. ನಾ ಬ್ಯಾಡ ಅನ್ನೂದಿಲ್ಲ. ಈ ಹಾಸು ಮುಗೀಲಿ. ಮಗ್ಗ ಖಾಲಿ ಆದ ದಿನಾ ಹಿರಿಯರನ್ನ ಕರಸ್ರಿ. ಮಗ್ಗದ ಮ್ಯಾಲೆ ಒಂದ ಎಳಿ ಇರೂತನಕಾ ಪಾಲಿನ ಮಾತ ತಗೀಬ್ಯಾಡ್ರಿ" ಎಂದಳು. ಇಬ್ಬರೂ ಒಪ್ಪಿದರು. ಮುಗಿಯಲು ಬಂದ ಹಾಸು ಅದು, ಒಪ್ಪದೆ ಇರಲು ಕಾರಣವೇ ಇರಲಿಲ್ಲ.

ಹಾಸು ಮುಗಿದ ದಿನ ಅಪ್ಪ ಕಡೆಯ ಸೀರೆ ಕೊಯ್ದು ತೆಗೆದ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಹಿರಿಯರನ್ನು ಕರೆಯಲು ಹೋದ. ಅವನು ಓಣಿಯ ತಿರುವು ದಾಟುವುದನ್ನೇ ಕಾಯುತ್ತಿದ್ದ ಹಾಗೆ ಆಯಿ ಒಳಗಿನಿಂದ ಹೊಸ ಹಾಸಿನ ಉಂಡೆ ಹೊತ್ತು ತಂದಳು. ಅದಕ್ಕೆ ಯಾವಾಗ ಗಂಜಿ ಹಚ್ಚಿದ್ದಳೋ, ಯಾವಾಗ ಒಣಗಿಸಿದ್ದಳೋ. ಅಪ್ಪ ಬಾಯಿ ಬಿಟ್ಟು ನೋಡಿದ. ಅವನ ಕೈಯಿಂದಲೇ ಅದನ್ನು ಮಗ್ಗದ ಹಿಂದೆ ಕಟ್ಟಿಸಿ, ಬೂದಿಯ ತಟ್ಟೆ ಪಕ್ಕಕ್ಕಿಟ್ಟುಕೊಂಡು ಕೂತಳು. ಕಾಕಾನ ಜೊತೆ ಓಣಿಯ ಹಿರಿಯ ಗುರಪ್ಪಜ್ಜ ಹೊಸ್ತಿಲು ದಾಟುವಾಗ ಅವಳು ಕೆಚ್ಚುತ್ತಿದ್ದಳು.

"ಏನ್ರಿ ಆಯಿ, ಮಗ್ಗ ಖಾಲಿ ಐತಿ ಅಂತ ಕರಕೊಂಡ ಬಂದಾನ ನಿಮ್ಮ ಮಗಾ" ಎಂದ ಗುರಪ್ಪಜ್ಜ.

"ಖಾಲಿ ಎಲ್ಲೈತ್ರಿ? ಎಳಿ ಕೂಡ್ಯಾವಲ್ಲ, ನೋಡ್ರಿ. ಕುಂಡ್ರಿ, ಚಾ ಕುಡದ ಹೋಗ್ರಿ."

ಗುರಪ್ಪಜ್ಜನೂ ನೇಕಾರನೇ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಒಂದು ಬೆರಳಗಲ ಕೂಡಿತ್ತು. ಕೂಡಿದ್ದು ಕೂಡಿದ್ದೇ. "ಹೌದಪಾ ವಿಠ್ಠಲಾ, ಹಾಸು ಏರೈತಿ. ಏರಿದ ಹಾಸಿನ ಮುಂದ ಪಾಲಿನ ಮಾತಾಡೂದು ನಮ್ಮ ರೀತಿ ಅಲ್ಲ" ಎಂದು ಕಾಕಾನಿಗೆ ಹೇಳಿ, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಮಳೆಯ ವಿಷಯ ಮಾತಾಡಿ ಎದ್ದುಹೋದ. ಕಾಕಾ ಕಂಬಕ್ಕೆ ಒರಗಿ ನಿಂತೇ ಇದ್ದ. "ಆಯಿ, ನೀ ಮೋಸಾ ಮಾಡಿದಿ" ಎಂದ. "ಮೋಸಾ ಅಲ್ಲೋ ಮಗನ, ಕೆಲಸಾ ಮಾಡಾಕತ್ತೀನಿ. ಆ ಬೂದಿ ತಟ್ಟಿ ಈ ಕಡಿ ಸರಸು" ಎಂದಳು ಆಯಿ. ಅವನು ಸರಿಸಿಕೊಟ್ಟ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಗ್ಗ ಖಾಲಿಯಾಗಲೇ ಇಲ್ಲ. ಒಂದು ಸಲ ಕಾಕಾ ತಾನೇ ಕಾವಲು ಕೂತ. ಆಯಿ ಅವನ ಮುಂದೆ ಹುಗ್ಗಿ ಮಾಡಿ ಬಡಿಸಿದಳು, ತುಪ್ಪ ಬಿಟ್ಟಳು, ಮತ್ತೆ ಬಿಟ್ಟಳು. ಉಂಡವನಿಗೆ ಕೂತಲ್ಲೇ ಜೋಂಪು ಹತ್ತಿತು. ಎದ್ದು ನೋಡಿದಾಗ ಹಾಸಿನ ಅಂಚು ಕೂಡಿಯಾಗಿತ್ತು. ಇನ್ನೊಂದು ಸಲ ಲಕ್ಷ್ಮೇಶ್ವರದ ಗಿರಾಕಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾನೆಂದು ಅವನನ್ನು ಓಡಿಸಿದಳು. ಗಿರಾಕಿ ಇರಲಿಲ್ಲ ಎಂದು ಅವನು ಬಂದು ಹೇಳಿದರೆ "ಬಿಸಲಾಗ ನಿಂತು ನಿಂತು ಹೋಗಿರಬೇಕು, ಪಾಪ" ಎಂದಳು. ಓಣಿಯಲ್ಲಿ ಇದೊಂದು ತಮಾಷೆಯಾಯಿತು. ವಿಠ್ಠಲಾ, ಹಾಸು ಮುಗೀತೇನೋ ಎಂದು ಕೇಳುವವರು ಹೆಚ್ಚಾದರು. ಮೊದಮೊದಲು ಉರಿದುಬೀಳುತ್ತಿದ್ದವನು ಬರಬರುತ್ತ ತಾನೂ ನಗತೊಡಗಿದ. ಆದರೆ ಆಯಿ ಗೆದ್ದಳು ಎಂದು ನನಗೆ ಖಾತ್ರಿಯಾದದ್ದು ಬೇರೆ ಒಂದು ದಿನ. ಅವತ್ತು ಅವಳು ಕೆಚ್ಚಲು ಕೂತು ಬೂದಿ ಎಂದು ಕೂಗುವ ಮೊದಲೇ ಕಾಕು ಒಲೆಯ ಬೂದಿಯನ್ನು ಸೆರಗಿನ ಅಂಚಿನಲ್ಲಿ ಸೋಸಿ ತಟ್ಟೆಯಲ್ಲಿ ತಂದಿಟ್ಟಳು. ಇಟ್ಟವಳು ಅಲ್ಲೇ ಕೂತಳು. ಅವ್ವನೂ ಕಂಡಿಕೆ ಬಿಟ್ಟು ಬಂದು ಈ ಕಡೆಯ ಅಂಚು ಹಿಡಿದಳು. ಮೂವರೂ ಸಂಜೆಯತನಕ ಏನೇನೋ ಮಾತಾಡುತ್ತ ಕೆಚ್ಚಿದರು. ಉಪ್ಪಿನ ಡಬ್ಬಿ ಯಾವಾಗ ಮತ್ತೆ ಒಂದಾಯಿತೋ ಯಾರೂ ಗಮನಿಸಲಿಲ್ಲ.

ಒಂದು ಬೇಸಿಗೆಯಲ್ಲಿ ಅಪ್ಪನಿಗೆ ವಿಷಮಶೀತಜ್ವರ ಬಂತು. ಶಿರಹಟ್ಟಿಯ ಒಂದು ಮದುವೆ ಮನೆಗೆ ಹಿರಿಯ ಹೆಂಗಸರಿಗೆ ಉಡಿಸುವ ಸೀರೆಗಳನ್ನು ಕೊಡುವುದಿತ್ತು. ಕಂದು ಮೈ, ಕೆಂಪು ಅಂಚು. ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ಅಪ್ಪ ಮಂಚದ ಮೇಲೆ ಮಲಗಿ ಮಗ್ಗದ ಕಡೆಯೇ ನೋಡುತ್ತಿದ್ದ. ಕಾಕಾ ಸಂತೆಯಿಂದ ಬಂದವನು ಗಂಟು ಇಳಿಸಿ, ಕಾಲು ತೊಳೆದು ಕುಣಿಗೆ ಇಳಿದ. ಮುಚ್ಚಬೇಕು ಮುಚ್ಚಬೇಕು ಎನ್ನುತ್ತಿದ್ದ ಆ ಕುಣಿಗೇ. ಲಾಳಿ ಓಡತೊಡಗಿತು. ಹಣಿಗೆಯಿಂದ ಎಳೆ ಬಡಿದು ಕೂರಿಸುವ ಅಪ್ಪನ ಏಟು ಬಿಗಿ, ಕಾಕಾನದು ಸ್ವಲ್ಪ ಸಡಿಲ, ನೇಯ್ಗೆಯೂ ಹಾಗೇ. ಸದ್ದು ಬದಲಾದದ್ದು ನನ್ನಂಥ ಹುಡುಗಿಗೂ ತಿಳಿಯುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತ ಮಲಗಿದ. ಬೈಯಲಿಲ್ಲ, ಹೊಗಳಲೂ ಇಲ್ಲ. ಮದುವೆ ಮನೆಯ ಸೀರೆಗಳೆಲ್ಲ ಹೊತ್ತಿಗೆ ಸರಿಯಾಗಿ ಹೋದವು. ಆ ಒಂದು ಸೀರೆಯನ್ನು ಮಾತ್ರ ಆಯಿ ಕೊಡಲಿಲ್ಲ. ಅದರ ಬದಲು ಬೇರೊಂದನ್ನು ನೇಯಿಸಿ ಕಳಿಸಿ, ಅದನ್ನು ಮಡಚಿ ತನ್ನ ಟ್ರಂಕಿನ ತಳದಲ್ಲಿಟ್ಟಳು. "ಇದು ನನಗಿರ್ಲಿ" ಎಂದಳು. ಹೊಸ ಸೀರೆ ಕೇಳಿದವಳೇ ಅಲ್ಲ ಅವಳು. ಹೀಗಾಗಿ ಯಾರೂ ಯಾಕೆಂದು ಕೇಳಲಿಲ್ಲ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮನೆ ನಿಜವಾಗಿಯೂ ಸಾಲದಾಗಿತ್ತು. ಮಕ್ಕಳು ಬೆಳೆದಿದ್ದರು, ರಾತ್ರಿ ಹಾಸಿಗೆ ಹಾಸಿದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಬೇರೆಯಾಗುವ ಮಾತನ್ನು ಅಪ್ಪ ಕಾಕಾ ಇಬ್ಬರೂ ಮರೆತೇಬಿಟ್ಟಿದ್ದರು. ಒಂದು ದಿನ ಹಾಸು ಮುಗಿಯಿತು. ಕಾಕು ರೂಢಿಯ ಹಾಗೆ ಬೂದಿ ತಂದಿಟ್ಟಳು. ಆಯಿ ಕೂರಲಿಲ್ಲ. ಇಬ್ಬರು ಮಕ್ಕಳನ್ನೂ ಕರೆದು "ಈಗ ಬ್ಯಾರೆ ಆಗ್ರಿ" ಎಂದಳು.

ಕಾಕಾನ ಮುಖ ಸಪ್ಪಗಾಯಿತು. "ಯಾಕ ಆಯಿ, ಏನಾತು? ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ಅದಕ್ಕ ಹೇಳಾಕತ್ತೀನಿ" ಎಂದಳು. ಅಪ್ಪನ ಕೈಯಿಂದ ಕತ್ತರಿ ತೆಗೆದುಕೊಂಡು ಮಗ್ಗದ ಮುಂದೆ ಕೂತಳು. ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ಹಣಿಗೆಯಿಂದ ಒಂದು ಮೊಳ ಅಳೆದು ಗುರುತು ಹಿಡಿದಳು. "ಕೊಯ್ಯೂದೂ ಒಂದ ಕೆಲಸ ಐತಿ. ಸಿಟ್ಟಿನ್ಯಾಗ ಕೊಯ್ದ್ರ ತುದಿ ಉಳಿಯೂದಿಲ್ಲ. ನಿಮ್ಮಪ್ಪಗ ಅವರಣ್ಣ ತುದಿ ಬಿಡಲಿಲ್ಲ. ಅದಕ್ಕ ನಾವು ಈ ಊರಿಗೆ ಬರಬೇಕಾತು, ಆತು, ಬಂದದ್ದೂ ಚಲೋನ ಆತು. ಆದ್ರ ನಿಮ್ಮಪ್ಪ ಅವರಣ್ಣ ಸತ್ತ ಖಬರು ಬರೂತನಕಾ ಸ್ಟೇಶನ್ನ ನೋಡಿದಾ. ನೀವು ಹಂಗ ನೋಡೂದು ಬ್ಯಾಡ." ಕತ್ತರಿ ನಡೆಯಿತು. ಬಟ್ಟೆ ಮಡಿಲಿಗೆ ಬಿತ್ತು. ಹಣಿಗೆಯಲ್ಲಿ ತುದಿ ಹಾಗೇ ಉಳಿಯಿತು, ಯಾರು ಬೇಕಾದರೂ ಯಾವಾಗ ಬೇಕಾದರೂ ಕೆಚ್ಚುವಷ್ಟು. ಮಗ್ಗ ಅಪ್ಪನ ಪಾಲಿಗೆ ಬಂತು. ಅದೇ ಓಣಿಯಲ್ಲಿ ನಾಲ್ಕು ಮನೆಯಾಚೆ ಕಾಕಾ ಪಾವರ್‌ಲೂಮ್ ಹಾಕಿದ. ಗುರಪ್ಪಜ್ಜ ಬಂದು ಪಾಲು ಹೇಳಬೇಕೆಂದು ಕರೆದರೆ, ಅವನು ಹೇಳಲು ಏನೂ ಉಳಿದಿರಲಿಲ್ಲ. ಚಹಾ ಕುಡಿದು ಹೋದ.

ಆಮೇಲೂ ಆಯಿ ಬಹಳ ವರ್ಷ ಇದ್ದಳು. ಯಾರ ಮನೆಯಲ್ಲಿ ಇರುತ್ತಿ ಎಂದು ಕೇಳಿದವರಿಗೆ "ಓಣ್ಯಾಗ ಇರ್ತೀನಿ" ಎನ್ನುತ್ತಿದ್ದಳು. ಮುಂಜಾನೆಯ ಚಹಾ ನಮ್ಮಲ್ಲಿ, ಮಧ್ಯಾಹ್ನದ ರೊಟ್ಟಿ ಕಾಕಾನಲ್ಲಿ. ಅಲ್ಲಿಯ ಪಲ್ಯದ ಬಟ್ಟಲು ಇಲ್ಲಿಗೆ, ಇಲ್ಲಿಯ ಮೆಣಸಿನಕಾಯಿ ಹಿಂಡಿ ಅಲ್ಲಿಗೆ. ಎರಡು ಮನೆಯ ನಡುವೆ ಅವಳು ದಿನಾ ಓಡಾಡಿದ್ದು ನೋಡಿದರೆ ಲಾಳಿಯೇ ಸೈ. ಮೊಮ್ಮಕ್ಕಳ ಮದುವೆ ಕಂಡಳು, ಮರಿಮಕ್ಕಳಿಗೆ ಎರೆದಳು, ನನ್ನ ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದದ್ದೂ ಅವಳೇ. ಸೊಲ್ಲಾಪುರಕ್ಕೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಕರೆದುಕೊಂಡು ಹೋಗುತ್ತೇನೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ "ಅಲ್ಲಿ ನನ್ನವರು ಯಾರದಾರ? ನನ್ನವರೆಲ್ಲಾ ಇಲ್ಲೇ ಜಗಳಾಡಾಕತ್ತಾರಲ್ಲ" ಎಂದು ನಕ್ಕಳು.

ಅವಳು ಹೋದದ್ದು ಒಂದು ಶ್ರಾವಣದ ಮುಂಜಾನೆ, ಚಹಾ ಕುಡಿದು, ಬಟ್ಟಲು ಕೆಳಗಿಟ್ಟು. ಕಾಕು ಟ್ರಂಕಿನ ತಳದಿಂದ ಆ ಕಂದು ಸೀರೆ ತೆಗೆದಳು. ತನಗೆ ಅದನ್ನೇ ಉಡಿಸಬೇಕೆಂದು ಆಯಿ ಅವಳಿಗೆ ಹೇಳಿಟ್ಟಿದ್ದಳಂತೆ. ಅವ್ವ ಕಾಕು ಉಡಿಸಿ ಹೊರಗೆ ತಂದು ಮಲಗಿಸಿದರು. ಅಪ್ಪನಿಗೆ ಆಗ ಕಣ್ಣು ಮಂದ. ಪಕ್ಕದಲ್ಲಿ ಕೂತು ಸೀರೆಯ ಮೇಲೆ ಕೈಯಾಡಿಸುತ್ತಿದ್ದ. ಮೊಣಕಾಲಿನ ಹತ್ತಿರ ಅವನ ಬೆರಳು ನಿಂತಿತು. ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು, ಮತ್ತೆ ಅಲ್ಲೇ ನಿಂತಿತು.

"ವಿಠ್ಠಲ್ಯಾ" ಎಂದ. "ಇಲ್ಲಿತನಕಾ ನಾ."

ಕಾಕಾ ಬಂದು ಅಣ್ಣನ ಪಕ್ಕದಲ್ಲಿ ಕೂತು ಅದೇ ಜಾಗದಲ್ಲಿ ಬೆರಳಿಟ್ಟ. "ಹೂಂ ಅಣ್ಣಾ. ಇಲ್ಲಿಂದ ನಾ" ಎಂದ. ಆಮೇಲೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು, ಓಣಿಯ ಜನರೆಲ್ಲ ನೋಡುತ್ತಿರುವಾಗ, ಚಿಕ್ಕ ಹುಡುಗರ ಹಾಗೆ ಅತ್ತರು. ನಾನೂ ಅತ್ತೆ. ಆದರೆ ಒಳಗೆ ಎಲ್ಲೋ ನನಗೆ ಒಂದು ಬಗೆಯ ಹೆಮ್ಮೆಯೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇದಕ್ಕಾಗಿಯೇ ಆಯಿ ಅಷ್ಟು ವರ್ಷ ಬೂದಿಯಲ್ಲಿ ಬೆರಳಾಡಿಸಿದ್ದು.

ಈಗ ಅಪ್ಪನೂ ಇಲ್ಲ. ಆ ಮನೆ ಇದ್ದಲ್ಲಿ ಎರಡಂತಸ್ತಿನ ಕಟ್ಟಡ ಎದ್ದಿದೆ, ಕುಣಿಯನ್ನು ಕಡೆಗೂ ಮುಚ್ಚಿದರು. ಹಣಿಗೆ ಕಾಕಾನ ಮನೆಯ ದೇವರ ಜಗುಲಿಯ ಮೇಲಿನ ಮೊಳೆಗೆ ತೂಗುತ್ತದೆ, ಎಳೆಗಳ ತುದಿ ಇನ್ನೂ ಅದರಲ್ಲಿದೆ. ಇಲ್ಲಿ ಮುಂಡರಗಿಯಲ್ಲಿ ನಾನು ಗಂಜಿಯಲ್ಲಿ ಅದ್ದಿದ ಸೀರೆಯನ್ನು ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವುತ್ತೇನೆ. ಹರವುವಾಗ ಅಭ್ಯಾಸಬಲದಿಂದ ಈ ತುದಿಯಿಂದ ಆ ತುದಿಯತನಕ ಬೆರಳಾಡಿಸಿ ನೋಡುತ್ತೇನೆ. ಅಂಗಡಿಯಿಂದ ತಂದ ಸೀರೆ, ಒಳ್ಳೆಯ ಸೀರೆಯೇ, ಉದ್ದಕ್ಕೂ ಒಂದೇ ಸಮ. ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿದ ಜಾಗ ಅದರಲ್ಲಿ ಎಲ್ಲಿಯೂ ಸಿಗುವುದಿಲ್ಲ.